ಗೆರೆಗಳಲ್ಲಿ ಜಾಝ್ ಲಯ ಹಿಡಿದ ಪೀಟ್ ಮಾಂಡ್ರಿಯಾನ್

ಬಿಳಿಯ ಹಿನ್ನೆಲೆ. ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಎಳೆದ ಕಪ್ಪು ಗೆರೆಗಳು. ಅಲ್ಲೊಂದು ಇಲ್ಲೊಂದು ಕೆಂಪು, ಹಳದಿ, ನೀಲಿ ಬಣ್ಣ ತುಂಬಿದ ಚೌಕ. ಕಲಾವಿದನ ಹೆಸರನ್ನೇ ಕೇಳದವರೂ ಈ ವಿನ್ಯಾಸವನ್ನು ಎಲ್ಲಾದರೂ ಒಂದೆಡೆ ಕಂಡೇ ಇರುತ್ತಾರೆ. ಉಡುಪಿನ ಮೇಲೆ, ಪುಸ್ತಕದ ಹೊದಿಕೆಯ ಮೇಲೆ, ಕಟ್ಟಡದ ಗೋಡೆಯ ಮೇಲೆ ಅದು ಕಾಣಿಸಿಕೊಳ್ಳುತ್ತಲೇ ಇದೆ. ಕಂಪ್ಯೂಟರ್ ಪರದೆಯನ್ನು ಅಂಕಣಗಳಾಗಿ ವಿಂಗಡಿಸಿ ಪುಟ ಕಟ್ಟುವ ಇಂದಿನ ವಿನ್ಯಾಸಕಾರರಿಗೂ ಈ ಚಿತ್ರಗಳು ಅಪರಿಚಿತವಲ್ಲ. ಇವುಗಳನ್ನು ರಚಿಸಿದವರು ಡಚ್ ಕಲಾವಿದ ಪೀಟ್ ಮಾಂಡ್ರಿಯಾನ್.

ಈ ಚಿತ್ರಗಳನ್ನು ನೋಡಿದವರು ಅವುಗಳ ಕರ್ತೃವನ್ನು ಲೆಕ್ಕದ ಮೇಷ್ಟರಂತೆಯೋ ನಗೆಯನ್ನೇ ಅರಿಯದ ವಿರಕ್ತನಂತೆಯೋ ಕಲ್ಪಿಸಿಕೊಳ್ಳುವುದುಂಟು. ಅದರಲ್ಲಿ ಅರ್ಧ ಸತ್ಯವಿದೆ. ಮಾಂಡ್ರಿಯಾನ್ ಏಕಾಂಗಿಯಾಗಿ, ಮಿತವಾಗಿ, ಅತ್ಯಂತ ಶಿಸ್ತಿನಿಂದ ಬದುಕಿದರು. ಉಳಿದರ್ಧ ಸತ್ಯವೆಂದರೆ, ಅವರು ಜಾಝ್ ಸಂಗೀತಕ್ಕೆ ಮನಸೋತಿದ್ದರು, ನೃತ್ಯಶಾಲೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದರು, ಗ್ರಾಮಫೋನಿನ ಮುಂದೆ ಒಬ್ಬರೇ ಹೆಜ್ಜೆ ಹಾಕುತ್ತಿದ್ದರು. ಎಪ್ಪತ್ತರ ಹೊಸ್ತಿಲಿನಲ್ಲಿ, ತಾವೇ ಇಪ್ಪತ್ತು ವರ್ಷ ಶ್ರಮಿಸಿ ಕಟ್ಟಿದ ಶೈಲಿಯನ್ನು ತಾವೇ ಒಡೆಯುವ ಧೈರ್ಯ ಅವರಿಗೆ ಬಂದದ್ದರಲ್ಲಿ ಆ ಸಂಗೀತದ ಪಾಲು ದೊಡ್ಡದು.

ಮೇಷ್ಟರ ಮನೆಯ ಮಗ

1872ರ ಮಾರ್ಚ್ 7ರಂದು ನೆದರ್ಲೆಂಡ್ಸಿನ ಆಮರ್ಸ್‌ಫೋರ್ಟ್ ಪಟ್ಟಣದಲ್ಲಿ ಮಾಂಡ್ರಿಯಾನ್ ಜನಿಸಿದರು. ತಂದೆ ಪ್ರಾಟೆಸ್ಟೆಂಟ್ ಶಾಲೆಯೊಂದರ ಮುಖ್ಯೋಪಾಧ್ಯಾಯರು; ಕ್ಯಾಲ್ವಿನ್ ಪಂಥದ ನಿಷ್ಠಾವಂತ ಅನುಯಾಯಿ. ಚಿತ್ರಕಲೆ ಬೋಧಿಸುವ ಅರ್ಹತೆಯೂ ಅವರಿಗಿತ್ತು. ಮನೆಯಲ್ಲಿ ಶಿಸ್ತು, ಪ್ರಾರ್ಥನೆ, ಮಿತವ್ಯಯ ಇವೇ ನಿಯಮ. 1880ರಲ್ಲಿ ಕುಟುಂಬವು ದೇಶದ ಪೂರ್ವದ ಅಂಚಿನಲ್ಲಿರುವ ವಿಂಟರ್ಸ್‌ವೈಕ್ ಎಂಬ ಊರಿಗೆ ವಲಸೆ ಹೋಯಿತು. ಚಿಕ್ಕಪ್ಪ ಫ್ರಿಟ್ಸ್ ಮಾಂಡ್ರಿಯಾನ್ ನಿಸರ್ಗಚಿತ್ರಗಳನ್ನು ಬರೆಯುತ್ತಿದ್ದ ವೃತ್ತಿನಿರತ ಕಲಾವಿದ. ಬಾಲಕನಿಗೆ ಕುಂಚ ಹಿಡಿಯುವುದನ್ನು ಕಲಿಸಿದವರಲ್ಲಿ ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಸೇರಿದ್ದಾರೆ.

ಕಲೆಯಿಂದ ಹೊಟ್ಟೆ ತುಂಬುವುದೇ ಎಂಬ ಚಿಂತೆ ತಂದೆಗಿತ್ತು. ಆದ್ದರಿಂದ ಮಗ ಮೊದಲು ಚಿತ್ರಕಲಾ ಶಿಕ್ಷಕನ ಅರ್ಹತಾ ಪರೀಕ್ಷೆಗಳನ್ನು ಪೂರೈಸಬೇಕಾಯಿತು. 1889ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ, 1892ರಲ್ಲಿ ಪ್ರೌಢಶಾಲೆಗಳಲ್ಲಿ ಬೋಧಿಸುವ ಅರ್ಹತೆ ದೊರೆಯಿತು. ಅದೇ ವರ್ಷ ಅವರು ಆಮ್‌ಸ್ಟರ್‌ಡ್ಯಾಮಿನ ರಾಷ್ಟ್ರೀಯ ಕಲಾ ಅಕಾಡೆಮಿಯನ್ನು ಸೇರಿದರು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಚಿತ್ರಗಳ ನಕಲು ತೆಗೆದು, ಖಾಸಗಿ ಪಾಠ ಹೇಳಿ, ವಿಜ್ಞಾನದ ಪಾಠಕ್ಕೆ ಬೇಕಾದ ಚಿತ್ರಗಳನ್ನು ಬರೆದುಕೊಟ್ಟು ಅವರು ಜೀವನ ಸಾಗಿಸಿದರು.

ಆ ದಿನಗಳ ಅವರ ಕೃತಿಗಳನ್ನು ನೋಡಿದರೆ ಮುಂದೆ ಬರಲಿದ್ದ ಕಪ್ಪು ಗೆರೆಗಳ ಸುಳಿವು ಸುಲಭವಾಗಿ ಸಿಗದು. ಗಾಳಿಗಿರಣಿಗಳು, ನದಿಯ ದಂಡೆಯ ಮರಗಳು, ಸಂಜೆಯ ಮಂದ ಬೆಳಕು, ಹೊಲಗದ್ದೆಗಳು: ಡಚ್ ನಿಸರ್ಗಚಿತ್ರ ಪರಂಪರೆಯ ಹಾದಿಯಲ್ಲೇ ಅವರು ನಡೆದಿದ್ದರು. 1908ರ ನಂತರ ಕಡಲತೀರದ ಡೊಂಬರ್ಗ್ ಗ್ರಾಮದಲ್ಲಿ ತಂಗತೊಡಗಿದ ಮೇಲೆ ಬಣ್ಣಗಳು ಪ್ರಖರವಾದವು. ನೀಲಿಯ ಆಗಸದೆದುರು ಉರಿಯುವಂತೆ ನಿಂತ ಕೆಂಪು ಮರದ ಚಿತ್ರ ಆ ಕಾಲದ್ದು.

1909ರಲ್ಲಿ ಅವರು ಥಿಯಾಸಾಫಿಕಲ್ ಸೊಸೈಟಿಯ ಸದಸ್ಯರಾದರು. ಸೊಸೈಟಿಯ ಕೇಂದ್ರ ಆಗಲೇ ಮದರಾಸಿನ ಅಡ್ಯಾರಿನಲ್ಲಿತ್ತು. ಎರಡು ವರ್ಷಗಳ ಹಿಂದೆಯಷ್ಟೇ ಆನಿ ಬೆಸೆಂಟ್ ಅದರ ಅಧ್ಯಕ್ಷೆಯಾಗಿದ್ದರು. ಕಾಣುವ ರೂಪಗಳ ಹಿಂದೆ ಕಾಣದ ಒಂದು ಸಾಮರಸ್ಯವಿದೆ, ಬದುಕಿನ ಎಲ್ಲ ವೈರುಧ್ಯಗಳೂ ಕೊನೆಗೆ ಒಂದು ಸಮತೋಲದಲ್ಲಿ ಕೂಡುತ್ತವೆ ಎಂಬ ಭಾವನೆ ಮಾಂಡ್ರಿಯಾನರ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ನೆಟ್ಟಗೆ ನಿಲ್ಲುವ ಗೆರೆ ಮತ್ತು ನೆಲಕ್ಕೆ ಮಲಗುವ ಗೆರೆ ಸಂಧಿಸುವ ಲಂಬಕೋನವನ್ನು ಅವರು ಆ ಸಮತೋಲದ ಸಂಕೇತವೆಂದು ಕಾಣತೊಡಗಿದರು.

ಮರದಿಂದ ಗೆರೆಗೆ

1911ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ನಡೆದ ಪ್ರದರ್ಶನವೊಂದರಲ್ಲಿ ಪಿಕಾಸೊ, ಬ್ರಾಕ್ ಮೊದಲಾದ ಘನಾಕೃತಿ ಪಂಥದವರ ಕೃತಿಗಳು ಬಂದವು. ನಲವತ್ತರ ಸಮೀಪದಲ್ಲಿದ್ದ ಮಾಂಡ್ರಿಯಾನ್ ತಾವು ಕಲಿತದ್ದು ಸಾಲದೆಂದು ನಿರ್ಧರಿಸಿದರು. ಆಗಿದ್ದ ವಿವಾಹ ನಿಶ್ಚಿತಾರ್ಥವನ್ನು ಮುರಿದುಕೊಂಡು ಪ್ಯಾರಿಸ್ಸಿಗೆ ತೆರಳಿದರು. ತಮ್ಮ ಡಚ್ ಮನೆತನದ ಹೆಸರಿನಲ್ಲಿ ಜೋಡಿಯಾಗಿದ್ದ 'ಎ' ಅಕ್ಷರಗಳಲ್ಲಿ ಒಂದನ್ನು ಕೈಬಿಟ್ಟದ್ದೂ ಆ ಸುಮಾರಿನಲ್ಲೇ. ಅವರು ಮುಂದೆಂದೂ ಮದುವೆಯಾಗಲಿಲ್ಲ.

ಪ್ಯಾರಿಸ್ಸಿನಲ್ಲಿ ಅವರ ಮರಗಳು ಒಂದೊಂದಾಗಿ ಎಲೆ ಕಳಚಿದವು. ಕೊಂಬೆಗಳು ಕಮಾನುಗಳಾದವು, ಕಮಾನುಗಳು ತುಂಡುಗೆರೆಗಳಾದವು. 1914ರ ಬೇಸಿಗೆಯಲ್ಲಿ ತಂದೆಯ ಅನಾರೋಗ್ಯದ ಕಾರಣ ಊರಿಗೆ ಬಂದವರು ಅಲ್ಲೇ ಉಳಿಯಬೇಕಾಯಿತು. ಮೊದಲ ಮಹಾಯುದ್ಧ ಆರಂಭವಾಗಿತ್ತು. ಸಮುದ್ರದೊಳಕ್ಕೆ ಚಾಚಿದ ಕಟ್ಟೆ ಮತ್ತು ಅಲೆಗಳ ಮಿನುಗನ್ನು ಕೇವಲ ಕೂಡುಚಿಹ್ನೆಯಂಥ ಸಣ್ಣ ಗೆರೆಗಳಲ್ಲಿ ಹಿಡಿದ ಕೃತಿಯನ್ನು ಅವರು 1915ರಲ್ಲಿ ರಚಿಸಿದರು. ಅದೇ ವರ್ಷ ತಂದೆ ತೀರಿಕೊಂಡರು.

ಯುದ್ಧದ ವರ್ಷಗಳಲ್ಲಿ ಅವರು ನೆಲೆಸಿದ್ದ ಲಾರೆನ್ ಕಲಾವಿದರ ಊರು. ಥಿಯೋ ಫಾನ್ ಡೂಸ್‌ಬರ್ಗ್, ಬಾರ್ಟ್ ಫಾನ್ ಡೆರ್ ಲೆಕ್ ಮೊದಲಾದ ಸಮಾನಮನಸ್ಕರ ಸ್ನೇಹ ಬೆಳೆದದ್ದು ಆ ವರ್ಷಗಳಲ್ಲಿ. 1917ರಲ್ಲಿ ಈ ಗುಂಪಿನಿಂದ 'ಡಿ ಸ್ಟೈಲ್' ಎಂಬ ಪತ್ರಿಕೆ ಹೊರಟಿತು. 'ಶೈಲಿ' ಎಂಬುದು ಅದರ ಅರ್ಥ. ಚಿತ್ರ, ಕಟ್ಟಡ, ಪೀಠೋಪಕರಣ, ಅಚ್ಚಿನ ಪುಟ ಎಲ್ಲವೂ ಒಂದೇ ತತ್ತ್ವದಿಂದ ಮೂಡಿಬರಬೇಕೆಂಬುದು ಆ ಬಳಗದ ಆಶಯ. ನೇರ ಗೆರೆ, ಲಂಬಕೋನ, ಮೂರು ಮೂಲವರ್ಣಗಳು, ಜೊತೆಗೆ ಕಪ್ಪು, ಬಿಳುಪು, ಬೂದು. ಇಷ್ಟರಲ್ಲೇ ಜಗತ್ತಿನ ಸಾರವನ್ನು ಹೇಳಬಹುದೆಂದು ಮಾಂಡ್ರಿಯಾನ್ ನಂಬಿದರು. ಈ ಸಿದ್ಧಾಂತವನ್ನು ಅವರು 'ನವ ಆಕೃತಿವಾದ' ಎಂಬರ್ಥದ ಹೆಸರಿನಿಂದ ಕರೆದರು.

ಇಷ್ಟು ಕಠಿಣ ನಿಯಮಗಳನ್ನು ರೂಪಿಸುತ್ತಿದ್ದ ವರ್ಷಗಳಲ್ಲಿಯೇ ಅವರು ಲಾರೆನ್ನಿನ ಹೋಟೆಲೊಂದರ ನೃತ್ಯಕೂಟಗಳಿಗೂ ಹೋಗುತ್ತಿದ್ದರು. ಬೆನ್ನು ನೆಟ್ಟಗೆ, ತಲೆ ತುಸು ಮೇಲೆತ್ತಿ, ಗಂಭೀರ ಮುಖದಿಂದ ಅವರು ಕುಣಿಯುತ್ತಿದ್ದ ಬಗೆ ಕಂಡವರ ಬಾಯಿಯಲ್ಲಿ ಬಹುಕಾಲ ಉಳಿಯಿತು.

ಯಾರೂ ಕೊಳ್ಳಲಾಗದ ಕೃತಿ

1919ರಲ್ಲಿ ಮಾಂಡ್ರಿಯಾನ್ ಪ್ಯಾರಿಸ್ಸಿಗೆ ಮರಳಿದರು. 1921ರಿಂದ 1936ರವರೆಗೆ ಅವರು ವಾಸವಾಗಿದ್ದದ್ದು ಮೊಂಪಾರ್ನಾಸ್ ರೈಲು ನಿಲ್ದಾಣದ ಬಳಿಯ ರೂ ದು ದೆಪಾರ್ ಬೀದಿಯ 26ನೇ ಸಂಖ್ಯೆಯ ಹಳೆಯ ಕಟ್ಟಡದಲ್ಲಿ. ಅಲ್ಲಿನ ಅವರ ಕೊಠಡಿ ಕಲಾಲೋಕದಲ್ಲಿ ಅವರ ಚಿತ್ರಗಳಷ್ಟೇ ಹೆಸರಾಯಿತು. ಗೋಡೆಗಳಿಗೆ ಬಿಳಿ ಮತ್ತು ಬೂದು ಬಣ್ಣ ಬಳಿದು, ಅವುಗಳ ಮೇಲೆ ಕೆಂಪು, ಹಳದಿ, ನೀಲಿ ಹಲಗೆಯ ತುಂಡುಗಳನ್ನು ಅವರು ಜೋಡಿಸಿದ್ದರು. ಅವು ಒಂದೇ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಒಂದು ತುಂಡನ್ನು ತುಸು ಆಚೆ ಸರಿಸಿದರೆ ಇಡೀ ಕೊಠಡಿಯ ತೂಕ ಹೇಗೆ ಬದಲಾಗುತ್ತದೆ ಎಂಬುದನ್ನು ದಿನವಿಡೀ ಪರೀಕ್ಷಿಸುತ್ತಿದ್ದರು. ಯಾರ ಬೇಡಿಕೆಯೂ ಇಲ್ಲದೆ, ಮಾರಾಟದ ಆಸೆಯೂ ಇಲ್ಲದೆ, ತಮ್ಮ ಸಂತೋಷಕ್ಕಾಗಿ ಮಾಡಿಕೊಂಡ ಈ ಪ್ರಯೋಗವೇ ಅವರ ಅತಿ ದೊಡ್ಡ ಕೃತಿಯೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ.

ಆ ಕೊಠಡಿಯ ಹೂದಾನಿಯಲ್ಲಿ ಒಂದೇ ಒಂದು ಕೃತಕ ಟ್ಯುಲಿಪ್ ಹೂ ಇತ್ತು. ಅದರ ಹಸಿರು ಎಲೆಗೂ ಮಾಂಡ್ರಿಯಾನ್ ಬಿಳಿ ಬಣ್ಣ ಬಳಿದಿದ್ದರು. ಹಸಿರನ್ನು ಅವರು ತಮ್ಮ ಲೋಕದಿಂದ ಅಷ್ಟರಮಟ್ಟಿಗೆ ಹೊರಗಿಟ್ಟಿದ್ದರು. ವಿಪರ್ಯಾಸವೆಂದರೆ, ಅದೇ ಕಾಲದಲ್ಲಿ ಹೂಗಳ ಜಲವರ್ಣ ಚಿತ್ರಗಳನ್ನು ಬರೆದು ಮಾರಿ ಅವರು ಅನ್ನ ಸಂಪಾದಿಸುತ್ತಿದ್ದರು. ಗೆರೆಗಳ ಚಿತ್ರಗಳಿಗೆ ಗಿರಾಕಿಗಳು ವಿರಳ, ಹೂಗಳಿಗೆ ಇದ್ದರು. ಚಿತ್ರ ಬರೆಯುವುದನ್ನೇ ತೊರೆದುಬಿಡುವ ಆಲೋಚನೆಯೂ ಇಪ್ಪತ್ತರ ದಶಕದ ಆರಂಭದಲ್ಲಿ ಅವರನ್ನು ಕಾಡಿತ್ತು.

1926ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಕಲಾಸಂಗ್ರಾಹಕಿ ಈಡಾ ಬೀನರ್ಟ್ ಅವರ ಮನೆಗಾಗಿ ಮಾಂಡ್ರಿಯಾನ್ ಒಂದು ಕೋಣೆಯ ವಿನ್ಯಾಸ ಸಿದ್ಧಪಡಿಸಿದರು. ನಾಲ್ಕು ಗೋಡೆ, ನೆಲ, ಚಾವಣಿ ಎಲ್ಲವೂ ಬಣ್ಣದ ಆಯತಗಳಾಗಿದ್ದ ಆ ಕೋಣೆ ಅವರ ಜೀವಿತಕಾಲದಲ್ಲಿ ಕಾಗದದ ಮೇಲೆಯೇ ಉಳಿಯಿತು. ಅದನ್ನು ಕಟ್ಟಿ ನಿಲ್ಲಿಸಿದ್ದು 1970ರಲ್ಲಿ, ನ್ಯೂಯಾರ್ಕಿನ ಕಲಾ ಗ್ಯಾಲರಿಯೊಂದು. ಗೆಳೆಯ ಮಿಷೆಲ್ ಸ್ಯೂಫೋರ್ ಬರೆದ ನಾಟಕವೊಂದಕ್ಕೆ ಅದೇ 1926ರಲ್ಲಿ ಮಾಂಡ್ರಿಯಾನ್ ರಂಗಸಜ್ಜಿಕೆಯ ಮಾದರಿಯನ್ನೂ ತಯಾರಿಸಿದ್ದರು.

1930ರಲ್ಲಿ ಅಮೆರಿಕದ ಯುವಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಈ ಕೊಠಡಿಗೆ ಭೇಟಿ ನೀಡಿದರು. ಗೋಡೆಯ ಮೇಲಿನ ಬಣ್ಣದ ತುಂಡುಗಳು ಅಲುಗಾಡುವಂತಿದ್ದರೆ ಚೆನ್ನಾಗಿರುತ್ತದಲ್ಲವೇ ಎಂದು ಅವರು ಕೇಳಿದಾಗ, ಅದರ ಅಗತ್ಯವಿಲ್ಲ, ತಮ್ಮ ಚಿತ್ರ ಈಗಾಗಲೇ ಬಹಳ ವೇಗವಾಗಿ ಚಲಿಸುತ್ತಿದೆ ಎಂದು ಮಾಂಡ್ರಿಯಾನ್ ಉತ್ತರಿಸಿದರಂತೆ. ಆ ಭೇಟಿಯ ನಂತರ ಕಾಲ್ಡರ್ ಅಮೂರ್ತ ಕಲೆಯತ್ತ ತಿರುಗಿ, ಗಾಳಿಗೆ ತೂಗುವ ಶಿಲ್ಪಗಳಿಂದ ಜಗತ್ಪ್ರಸಿದ್ಧರಾದರು. ಸ್ಥಿರವಾಗಿ ಕಾಣುವ ಚಿತ್ರದೊಳಗೆ ವೇಗವಿದೆಯೆಂಬ ಮಾಂಡ್ರಿಯಾನರ ಆ ಮಾತನ್ನು ಅರಿಯಬೇಕಾದರೆ ಅವರ ಗ್ರಾಮಫೋನಿನತ್ತ ಹೊರಳಬೇಕಾಗುತ್ತದೆ.

ಕುಣಿತ ಕಲಿತ ವಿರಕ್ತ

ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಜಾಝ್ ಪ್ಯಾರಿಸ್ಸನ್ನು ಆವರಿಸಿತು. ಆಫ್ರಿಕನ್ ಅಮೆರಿಕನ್ನರು ರೂಪಿಸಿದ ಈ ಸಂಗೀತದಲ್ಲಿ ಲಯಕ್ಕೆ ಅಗ್ರಸ್ಥಾನ. ತಾಳದ ಪೆಟ್ಟು ಬೀಳಬೇಕಾದ ಕಡೆ ಬೀಳದೆ, ನಿರೀಕ್ಷಿಸದ ಕಡೆ ಬಿದ್ದು ಕೇಳುಗನನ್ನು ಎಚ್ಚರಿಸುವುದು ಅದರ ಸ್ವಭಾವ. 1925ರಲ್ಲಿ ನರ್ತಕಿ ಜೋಸೆಫಿನ್ ಬೇಕರ್ ಪ್ಯಾರಿಸ್ಸಿನ ರಂಗವೇರಿದಾಗ ಇಡೀ ನಗರ ಬೆರಗಾಯಿತು. ಆಕೆಯ ಅಭಿಮಾನಿಗಳ ಸಾಲಿನಲ್ಲಿ ಐವತ್ತು ದಾಟಿದ ಮಾಂಡ್ರಿಯಾನರೂ ಇದ್ದರು. ಅವರು ನೃತ್ಯದ ಪಾಠ ಹೇಳಿಸಿಕೊಂಡರು, ಫಾಕ್ಸ್‌ಟ್ರಾಟ್, ಚಾರ್ಲ್ಸ್‌ಟನ್ ಕುಣಿತಗಳನ್ನು ಅಭ್ಯಾಸ ಮಾಡಿದರು, ಉಳಿತಾಯದ ಹಣದಲ್ಲಿ ಜಾಝ್ ರೆಕಾರ್ಡುಗಳನ್ನು ಕೊಂಡರು. ನೆದರ್ಲೆಂಡ್ಸಿನಲ್ಲಿ ಚಾರ್ಲ್ಸ್‌ಟನ್ ನೃತ್ಯವನ್ನು ನಿಷೇಧಿಸುವ ಮಾತು ಕೇಳಿಬಂದಾಗ, ಹಾಗಾದರೆ ತಾವು ತಾಯ್ನಾಡಿಗೆ ಕಾಲಿಡುವುದೇ ಇಲ್ಲವೆಂದು 1926ರಲ್ಲಿ ಡಚ್ ವರದಿಗಾರರೊಬ್ಬರಿಗೆ ತಿಳಿಸಿದರು.

ಇದು ಬಿಡುವಿನ ವೇಳೆಯ ಶೋಕಿಯಾಗಿರಲಿಲ್ಲ. ಸಂಗೀತದ ಭವಿಷ್ಯವನ್ನು ಕುರಿತು ಅವರು 1921ರಲ್ಲಿಯೇ 'ಡಿ ಸ್ಟೈಲ್' ಪತ್ರಿಕೆಯಲ್ಲಿ ಬರೆದಿದ್ದರು. 1927ರಲ್ಲಿ ಜಾಝ್ ಮತ್ತು ತಮ್ಮ ಕಲಾಸಿದ್ಧಾಂತದ ನಡುವಣ ನಂಟನ್ನು ಕುರಿತು ಮತ್ತೊಂದು ಪ್ರಬಂಧ ಪ್ರಕಟಿಸಿದರು. ಅವರ ವಾದ ಸರಳ. ಚಿತ್ರಕಲೆಯಲ್ಲಿ ಮರ, ಮನೆ, ಮುಖಗಳ ರೂಪ ಹೇಗೋ, ಸಂಗೀತದಲ್ಲಿ ಹರಿಯುವ ಮಧುರ ರಾಗ ಹಾಗೆ. ಎರಡೂ ಮನಸ್ಸನ್ನು ಮುದಗೊಳಿಸಿ ಮಂಪರಿಗೆ ತಳ್ಳುತ್ತವೆ. ರೂಪವನ್ನು ಕಳಚಿದ ಚಿತ್ರದಲ್ಲಿಯೂ ರಾಗದ ಹಿಡಿತ ಸಡಿಲಿಸಿದ ಜಾಝ್‌ನಲ್ಲಿಯೂ ಉಳಿಯುವುದು ಶುದ್ಧ ಲಯ ಮಾತ್ರ. ಆ ಲಯವೇ ಹೊಸ ಕಾಲದ, ಹೊಸ ಮನುಷ್ಯನ ಉಸಿರು ಎಂದು ಅವರು ತರ್ಕಿಸಿದರು. 1929 ಮತ್ತು 1930ರ ಎರಡು ಚಿತ್ರಗಳಿಗೆ ಅವರು 'ಫಾಕ್ಸ್‌ಟ್ರಾಟ್' ಎಂದೇ ಹೆಸರಿಟ್ಟರು.

ಅವರ ಈ ಗ್ರಹಿಕೆಗೆ ಮಿತಿಯೂ ಇತ್ತು. ಜಾಝ್ ಹುಟ್ಟಿದ್ದು ಗುಲಾಮಗಿರಿಯ ನೆನಪು ಹೊತ್ತ ಸಮುದಾಯದ ನೋವಿನಲ್ಲಿ. ಅದರ ಒಡಲಿನಲ್ಲಿ ಬ್ಲೂಸ್ ಹಾಡುಗಳ ದುಃಖವೂ ಇದೆ, ರಾಗವೂ ಇದೆ. ಇಪ್ಪತ್ತರ ದಶಕದ ಅನೇಕ ಯುರೋಪಿಯನ್ನರಂತೆ ಮಾಂಡ್ರಿಯಾನರೂ ತಮಗೆ ಬೇಕಾದದ್ದನ್ನಷ್ಟೇ ಅದರಲ್ಲಿ ಕೇಳಿಸಿಕೊಂಡರು. ಆದರೂ, ಸಂಪ್ರದಾಯಸ್ಥರು ಗದ್ದಲವೆಂದು ಮೂಗು ಮುರಿದ ಸಂಗೀತವನ್ನು ಅವರು ಕಲೆಯೆಂದು ಮನ್ನಿಸಿ, ತಮ್ಮ ಜೀವಮಾನದ ಸಾಧನೆಯ ಪಕ್ಕದಲ್ಲಿ ಕೂರಿಸಿದರೆಂಬುದು ಸಣ್ಣ ಸಂಗತಿಯಲ್ಲ.

ಗೆರೆಯ ವಿಷಯದಲ್ಲಿ ಮಾತ್ರ ಅವರು ರಾಜಿಗೆ ಒಪ್ಪುವವರಾಗಿರಲಿಲ್ಲ. ಫಾನ್ ಡೂಸ್‌ಬರ್ಗ್ ತಮ್ಮ ಚಿತ್ರಗಳಲ್ಲಿ ಓರೆಗೆರೆಗಳನ್ನು ತಂದಾಗ ಇಬ್ಬರ ದಾರಿ ಬೇರೆಯಾಯಿತು. 'ಡಿ ಸ್ಟೈಲ್' ಬಳಗದಿಂದ ಮಾಂಡ್ರಿಯಾನ್ ಹೊರನಡೆದರು.

ಬಹಿಷ್ಕೃತ ಕಲೆ, ಬಹಿಷ್ಕೃತ ಸಂಗೀತ

1933ರಲ್ಲಿ ಜರ್ಮನಿಯ ಅಧಿಕಾರ ನಾಜಿಗಳ ಕೈಸೇರಿತು. 1937ರಲ್ಲಿ ಅವರು ಮ್ಯೂನಿಕ್ ನಗರದಲ್ಲಿ 'ಅಧೋಗತಿಯ ಕಲೆ' ಎಂಬ ಹಣೆಪಟ್ಟಿ ಹಚ್ಚಿ ಆಧುನಿಕ ಚಿತ್ರಗಳನ್ನು ಅಪಹಾಸ್ಯಕ್ಕಿಟ್ಟರು. ಅವುಗಳ ನಡುವೆ ಮಾಂಡ್ರಿಯಾನರ ಕೃತಿಗಳೂ ಇದ್ದವು. ಮರುವರ್ಷ ಡ್ಯೂಸೆಲ್ಡಾರ್ಫ್ ನಗರದಲ್ಲಿ 'ಅಧೋಗತಿಯ ಸಂಗೀತ'ದ ಪ್ರದರ್ಶನ ನಡೆಯಿತು. ಸ್ಯಾಕ್ಸೊಫೋನ್ ನುಡಿಸುವ ಕಪ್ಪು ವರ್ಣೀಯನ ವಿಕಾರ ಚಿತ್ರ ಅದರ ಭಿತ್ತಿಪತ್ರವಾಗಿತ್ತು. ಮಾಂಡ್ರಿಯಾನ್ ಪ್ರೀತಿಸಿದ ಎರಡೂ ಕಲೆಗಳು ಒಂದೇ ಆಳ್ವಿಕೆಯ ದ್ವೇಷಕ್ಕೆ ಗುರಿಯಾದವು. ಚಿತ್ರ ಮತ್ತು ಜಾಝ್ ಒಂದೇ ಬಳ್ಳಿಯ ಹೂಗಳೆಂದು ಅವರು ಹತ್ತು ವರ್ಷ ಹಿಂದೆ ಬರೆದದ್ದನ್ನು ಅವರ ಶತ್ರುಗಳೂ ತಮ್ಮದೇ ರೀತಿಯಲ್ಲಿ ಒಪ್ಪಿಕೊಂಡಂತಾಗಿತ್ತು.

ಯುದ್ಧದ ಕಾರ್ಮೋಡ ಕವಿಯುತ್ತಿದ್ದಂತೆ, 1938ರ ಸೆಪ್ಟೆಂಬರಿನಲ್ಲಿ ಮಾಂಡ್ರಿಯಾನ್ ಲಂಡನ್ನಿಗೆ ತೆರಳಿದರು. ಕಲಾವಿದ ಬೆನ್ ನಿಕಲ್ಸನ್, ಶಿಲ್ಪಿಗಳಾದ ಬಾರ್ಬರಾ ಹೆಪ್‌ವರ್ತ್ ಮತ್ತು ನೌಮ್ ಗ್ಯಾಬೊ ಅವರ ನೆರೆಹೊರೆಯಾದರು. ಹ್ಯಾಂಪ್‌ಸ್ಟೆಡ್ ಬಡಾವಣೆಯ ಕೋಣೆಗೂ ಅವರು ಬಿಳಿ ಬಣ್ಣ ಬಳಿದರು. ಆ ದಿನಗಳಲ್ಲಿ ವಾಲ್ಟ್ ಡಿಸ್ನಿಯ 'ಸ್ನೋ ವೈಟ್' ಚಲನಚಿತ್ರ ಅವರಿಗೆ ಅಚ್ಚುಮೆಚ್ಚಾಗಿ, ತಮ್ಮ ಕಾರೆಲ್‌ಗೆ ಅದರ ಪಾತ್ರಗಳ ಚಿತ್ರವಿದ್ದ ಕಾರ್ಡುಗಳನ್ನು ತಮಾಷೆಯಿಂದ ಬರೆದು ಕಳಿಸುತ್ತಿದ್ದರು. 1940ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳತೊಡಗಿದವು. ಅವರ ನಿವಾಸದ ಸಮೀಪದಲ್ಲೂ ಸ್ಫೋಟವಾಯಿತು. ಅರವತ್ತೆಂಟರ ವಯಸ್ಸಿನಲ್ಲಿ ಅವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿದರು.

ನ್ಯೂಯಾರ್ಕಿನ ಮೊದಲ ದಿನಗಳು

1940ರ ಅಕ್ಟೋಬರ್ 3ರಂದು ಮಾಂಡ್ರಿಯಾನ್ ನ್ಯೂಯಾರ್ಕ್ ತಲುಪಿದರು. ಅವರ ಪ್ರಯಾಣದ ವೆಚ್ಚ ಭರಿಸಿ, ಮನೆ ಬಾಡಿಗೆಗೆ ಹಿಡಿದುಕೊಟ್ಟವರು ತರುಣ ಕಲಾವಿದ ಹ್ಯಾರಿ ಹೋಲ್ಟ್ಜ್‌ಮನ್. 1934ರಲ್ಲಿ ಮಾಂಡ್ರಿಯಾನರನ್ನು ಕಾಣುವುದಕ್ಕೆಂದೇ ಪ್ಯಾರಿಸ್ಸಿಗೆ ಹೋಗಿದ್ದ ಅಭಿಮಾನಿ ಅವರು. ಬಂದ ಅತಿಥಿಗೆ ಅವರು ಆರಂಭದಲ್ಲೇ ಕೇಳಿಸಿದ್ದು ಬೂಗಿ ವೂಗಿ ಎಂಬ ಪಿಯಾನೊ ಶೈಲಿಯ ರೆಕಾರ್ಡುಗಳನ್ನು. ಮಾಂಡ್ರಿಯಾನ್ ಮೈಮರೆತು ಕೇಳಿದರು.

ಬೂಗಿ ವೂಗಿ ಕೇಳುವುದಕ್ಕೆ ಸುಲಭ, ನುಡಿಸುವುದಕ್ಕೆ ಕಷ್ಟ. ಪಿಯಾನೊ ವಾದಕನ ಎಡಗೈ ಮಂದ್ರ ಸ್ವರಗಳ ಒಂದು ಮಾದರಿಯನ್ನು ಹಿಡಿದು, ಪ್ರತಿ ಆವರ್ತಕ್ಕೆ ಎಂಟು ಬಡಿತಗಳಂತೆ, ರೈಲಿನ ಗಾಲಿಗಳು ಉರುಳಿದ ಹಾಗೆ ಬಿಡದೆ ನುಡಿಸುತ್ತದೆ. ಬಲಗೈ ಆ ಬಿಗಿಯಾದ ಚೌಕಟ್ಟಿನ ಮೇಲೆ ಚೂರುಚೂರು ಸ್ವರಗಳನ್ನು ಎಸೆಯುತ್ತದೆ. ತಾಳದೊಡನೆ ಕೂಡುತ್ತದೆ, ತಪ್ಪಿಸಿಕೊಳ್ಳುತ್ತದೆ, ಮತ್ತೆ ಕೂಡುತ್ತದೆ. ಎರಡು ಕೈಗಳ ನಡುವಿನ ಸೆಣಸಾಟವೇ ಅದರ ಸೊಗಸು. ಅಡ್ಡ ಮತ್ತು ಉದ್ದ ಗೆರೆಗಳ ಸೆಣಸಾಟದಲ್ಲಿ ಸಮತೋಲ ಹುಡುಕುತ್ತಿದ್ದ ಮಾಂಡ್ರಿಯಾನರಿಗೆ ಅದು ತಮ್ಮದೇ ಭಾಷೆಯಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ.

ಈ ಶೈಲಿಯ ಮೂವರು ದಿಗ್ಗಜರು ಆಲ್ಬರ್ಟ್ ಆಮನ್ಸ್, ಮೀಡ್ ಲಕ್ಸ್ ಲೂಯಿಸ್ ಮತ್ತು ಪೀಟ್ ಜಾನ್ಸನ್. ಶಿಕಾಗೋದಲ್ಲಿ ಬೆಳೆದ ಆಮನ್ಸ್ ಮತ್ತು ಲೂಯಿಸ್ ಟ್ಯಾಕ್ಸಿ ಓಡಿಸಿ ಬದುಕಿದ್ದವರು. ಲೂಯಿಸ್ ಅವರನ್ನು ಸಂಗೀತ ಸಂಘಟಕ ಜಾನ್ ಹ್ಯಾಮಂಡ್ ಹುಡುಕಿ ಪತ್ತೆ ಮಾಡಿದಾಗ ಅವರು ಕಾರು ತೊಳೆಯುವ ಕೆಲಸದಲ್ಲಿದ್ದರು. 1938ರ ಡಿಸೆಂಬರ್ 23ರಂದು ಹ್ಯಾಮಂಡ್ ಈ ಮೂವರನ್ನೂ ಪ್ರತಿಷ್ಠಿತ ಕಾರ್ನೆಗಿ ಹಾಲ್‌ನ ವೇದಿಕೆಗೆ ಕರೆತಂದರು. ಅಲ್ಲಿಂದ ಅವರು ನೆಲೆಗೊಂಡದ್ದು ಅದೇ ತಿಂಗಳು ಆರಂಭವಾಗಿದ್ದ 'ಕಫೆ ಸೊಸೈಟಿ' ಎಂಬ ಸಂಗೀತಶಾಲೆಯಲ್ಲಿ. ಕಪ್ಪು ಮತ್ತು ಬಿಳಿ ವರ್ಣೀಯರು ಒಂದೇ ಸಾಲಿನಲ್ಲಿ ಕುಳಿತು ಕೇಳಬಹುದಾಗಿದ್ದ ಆ ಜಾಗ, ವರ್ಣಭೇದ ತುಂಬಿದ್ದ ಅಂದಿನ ನ್ಯೂಯಾರ್ಕಿನಲ್ಲಿ ಅಪರೂಪದ್ದು. ಮಾಂಡ್ರಿಯಾನ್ ಅಲ್ಲಿಗೆ ಹೋಗಿ ಬರುವವರಾದರು.

ಗೆಳೆಯರೊಡನೆ ನೃತ್ಯಕ್ಕೂ ಇಳಿಯುತ್ತಿದ್ದರು. ಅವರೊಡನೆ ಹೆಜ್ಜೆ ಹಾಕಿದವರಲ್ಲಿ ಮುಂದೆ ಪ್ರಸಿದ್ಧರಾದ ಕಲಾವಿದೆ ಲೀ ಕ್ರಾಸ್ನರ್ ಒಬ್ಬರು. ವಾದ್ಯಮೇಳ ಲಯ ಬಿಟ್ಟು ಮಧುರ ರಾಗಕ್ಕೆ ತಿರುಗಿದರೆ ಸಾಕು, ಮಾಂಡ್ರಿಯಾನ್ ಕುಣಿತ ನಿಲ್ಲಿಸಿ ಹೋಗಿ ಕುಳಿತುಬಿಡುತ್ತಿದ್ದರೆಂದು ಒಡನಾಡಿಗಳು ನೆನೆಯುತ್ತಿದ್ದರು.

ಕಪ್ಪು ಗೆರೆಗೆ ವಿದಾಯ

ನ್ಯೂಯಾರ್ಕಿಗೆ ಬಂದಾಗ ಮಾಂಡ್ರಿಯಾನರ ಶೈಲಿ ಸ್ಥಿರಗೊಂಡಿತ್ತು, ಅವರ ಹೆಸರು ಸ್ಥಾಪಿತವಾಗಿತ್ತು. ಅದನ್ನೇ ಮುಂದುವರಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಅವರು ಯುರೋಪಿನಲ್ಲಿ ಆರಂಭಿಸಿದ್ದ ಹಳೆಯ ಕ್ಯಾನ್ವಾಸುಗಳನ್ನು ಮತ್ತೆ ಹೊರತೆಗೆದರು. ಅಂಥ ಹದಿನೇಳು ಚಿತ್ರಗಳನ್ನು ಅವರು ನ್ಯೂಯಾರ್ಕಿನಲ್ಲಿ ತಿದ್ದಿದರೆಂದು ಸಂಶೋಧಕರು ಗುರುತಿಸಿದ್ದಾರೆ. ಗೆರೆಗಳ ತುದಿಗಳಲ್ಲಿ, ನಡುವಿನ ಖಾಲಿ ಜಾಗದಲ್ಲಿ ಸಣ್ಣ ಬಣ್ಣದ ತುಂಡುಗಳು ಬಂದು ಕುಳಿತವು. ಅವುಗಳಿಗೆ ಕಪ್ಪು ಗೆರೆಯ ಬೇಲಿ ಇರಲಿಲ್ಲ. ತಮ್ಮ ಚಿತ್ರಗಳಿಗೆ ಇನ್ನಷ್ಟು ಬೂಗಿ ವೂಗಿ ಬೇಕಿದೆಯೆಂಬುದು ಅವರ ವಿವರಣೆಯಾಗಿತ್ತು. 1942ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅವರ ಏಕವ್ಯಕ್ತಿ ಪ್ರದರ್ಶನ ನಡೆದಾಗ ಈ ಹೊಸ ಹೆಜ್ಜೆಗಳ ಸದ್ದು ಕೇಳಿಬಂದಿತ್ತು.

ಅವರಿಗೆ ನೆರವಾದದ್ದು ಒಂದು ಸಾಮಾನ್ಯ ವಸ್ತು: ಬಣ್ಣದ ಅಂಟುಪಟ್ಟಿ. ಎಣ್ಣೆಬಣ್ಣದಲ್ಲಿ ಎಳೆದ ಗೆರೆಯನ್ನು ಸರಿಸಬೇಕಾದರೆ ಕೆರೆದು, ಒಣಗಿಸಿ, ಮತ್ತೆ ಬಳಿಯಬೇಕು. ಅಂಟುಪಟ್ಟಿಯನ್ನು ಕಿತ್ತು ಅರ್ಧ ಅಂಗುಲ ಆಚೆ ಅಂಟಿಸಿ ನೋಡಬಹುದು. ಪಟ್ಟಿಗಳನ್ನು ಕೀಳುತ್ತ, ಅಂಟಿಸುತ್ತ, ದೂರ ನಿಂತು ನೋಡುತ್ತ ಅವರು ಕೆಲಸ ಮಾಡಿದರು. ಇಂದು ಪರದೆಯ ಮೇಲೆ ಚೌಕಗಳನ್ನು ಸರಿಸಿ ಸರಿಸಿ ಪುಟದ ಸಮತೋಲ ಹುಡುಕುವ ವಿನ್ಯಾಸಕಾರನಿಗೆ ಆ ತವಕ ಚೆನ್ನಾಗಿ ಅರ್ಥವಾದೀತು. ಜಾಝ್ ವಾದಕರು ವೇದಿಕೆಯ ಮೇಲೆಯೇ ಸ್ವರ ಹೆಣೆಯುವ ಮನೋಧರ್ಮಕ್ಕೂ ಅದು ಹತ್ತಿರದ್ದೇ.

1942-43ರಲ್ಲಿ ರೂಪುಗೊಂಡ 'ಬ್ರಾಡ್‌ವೇ ಬೂಗಿ ವೂಗಿ' ಈ ಹುಡುಕಾಟದ ಫಲ. 127 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಆ ಚಿತ್ರದಲ್ಲಿ ಕಪ್ಪು ಗೆರೆ ಒಂದೂ ಇಲ್ಲ. ಇಪ್ಪತ್ತು ವರ್ಷ ಅವರ ಗುರುತಾಗಿದ್ದ ಕಪ್ಪು ಅಲ್ಲಿ ಮಾಯವಾಗಿದೆ. ಹಳದಿ ಪಟ್ಟಿಗಳು ಅಡ್ಡಡ್ಡ, ಉದ್ದುದ್ದ ಹರಿದಿವೆ. ಅವುಗಳ ಉದ್ದಕ್ಕೂ ಕೆಂಪು, ನೀಲಿ, ಬೂದು ಬಣ್ಣದ ಪುಟ್ಟ ಚೌಕಗಳು ಮಿನುಗುತ್ತವೆ. ನೋಡುವ ಕಣ್ಣು ಒಂದೆಡೆ ನಿಲ್ಲದೆ ಚೌಕದಿಂದ ಚೌಕಕ್ಕೆ ಜಿಗಿಯುತ್ತದೆ. ರಾತ್ರಿಯ ನ್ಯೂಯಾರ್ಕಿನ ಬೀದಿ, ದೀಪಗಳು, ವಾಹನಗಳು ಅದರಲ್ಲಿ ಕಾಣುತ್ತವೆಂದು ಹೇಳುವವರಿದ್ದಾರೆ. ಎಡಗೈಯ ಬಿಡದ ಬಡಿತ, ಬಲಗೈಯ ಚೂರು ಸ್ವರ ಕೇಳಿಸುತ್ತವೆಂದು ಹೇಳುವವರೂ ಇದ್ದಾರೆ. 1943ರಲ್ಲಿ ಬ್ರೆಜಿಲ್ ದೇಶದ ಶಿಲ್ಪಿ ಮರಿಯಾ ಮಾರ್ಟಿನ್ಸ್ ಅದನ್ನು ಕೊಂಡು ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯಕ್ಕೆ ದಾನ ಮಾಡಿದರು. ಇಂದಿಗೂ ಅದು ಅಲ್ಲಿದೆ.

ತರುಣರ ಕೆಲಸದ ಬಗೆಗೆ ಅವರ ಕಣ್ಣು ತೆರೆದೇ ಇತ್ತು. 1943ರಲ್ಲಿ ಪೆಗಿ ಗುಗೆನ್‌ಹೈಮ್ ಅವರ ಪ್ರದರ್ಶನಕ್ಕೆ ಕೃತಿಗಳನ್ನು ಆರಿಸುವಾಗ ಜಾಕ್ಸನ್ ಪೊಲಾಕ್ ಎಂಬ ಹೆಚ್ಚು ಪರಿಚಿತನಲ್ಲದ ಯುವಕನ ಚಿತ್ರದ ಮುಂದೆ ಮಾಂಡ್ರಿಯಾನ್ ಬಹಳ ಹೊತ್ತು ನಿಂತರು. ತಮ್ಮ ಹಾದಿಗೆ ತೀರ ವಿರುದ್ಧವಾಗಿದ್ದ ಆ ಕೃತಿಯಲ್ಲಿ ಏನೋ ಮಹತ್ವದ್ದಿದೆಯೆಂದು ಅವರು ಹೇಳಿದ ಮೇಲೆ ಗುಗೆನ್‌ಹೈಮ್ ತಮ್ಮ ಅಭಿಪ್ರಾಯ ಬದಲಿಸಿಕೊಂಡರು.

ಮುಗಿಯದ ಚಿತ್ರ

1943ರ ಶರತ್ಕಾಲದಲ್ಲಿ ಮಾಂಡ್ರಿಯಾನ್ 59ನೇ ಬೀದಿಯ ಹೊಸ ಮನೆಗೆ ಬಂದರು. ಹಳೆಯ ಮರದ ಪೆಟ್ಟಿಗೆಗಳನ್ನು ಬಿಚ್ಚಿ, ತಾವೇ ಮೊಳೆ ಹೊಡೆದು ಮೇಜು, ಪೀಠಗಳನ್ನು ಮಾಡಿಕೊಂಡರು. ಗೋಡೆಗಳ ಮೇಲೆ ಮತ್ತೆ ಬಣ್ಣದ ಹಲಗೆಗಳು ಸಾಲುಗೂಡಿದವು. ಕೋಣೆಯ ಕೇಂದ್ರವಾಗಿ ನಿಂತದ್ದು 'ವಿಕ್ಟರಿ ಬೂಗಿ ವೂಗಿ' ಎಂಬ, ಮೂಲೆ ಮೇಲಾಗಿ ನಿಲ್ಲಿಸಿದ ಚೌಕಾಕಾರದ ಕ್ಯಾನ್ವಾಸ್. ಯುದ್ಧ ಮುಗಿದು ಸ್ವಾತಂತ್ರ್ಯ ಗೆಲ್ಲುವ ದಿನದ ನಿರೀಕ್ಷೆ ಅದರ ಹೆಸರಿನಲ್ಲಿತ್ತು.

1944ರ ಜನವರಿಯ ವೇಳೆಗೆ ಆ ಚಿತ್ರ ಬಹುತೇಕ ಪೂರ್ಣಗೊಂಡಂತೆ ಕಂಡಿತ್ತೆಂದು ಅವರ ಒಡನಾಡಿ, ಕಲಾವಿದೆ ಶಾರ್ಮಿಯನ್ ಫಾನ್ ವೀಗಂಡ್ ದಾಖಲಿಸಿದ್ದಾರೆ. ಕೆಲವೇ ದಿನಗಳಲ್ಲಿ ಮಾಂಡ್ರಿಯಾನ್ ಅದರ ಮೇಲೆ ಅಂಟುಪಟ್ಟಿ ಮತ್ತು ಬಣ್ಣದ ಕಾಗದದ ಚೂರುಗಳನ್ನು ಹೊಸದಾಗಿ ಹಚ್ಚಿ, ಮುಗಿದದ್ದನ್ನು ಮತ್ತೆ ತೆರೆದಿಟ್ಟರು. 'ಬ್ರಾಡ್‌ವೇ'ಯಲ್ಲಿ ಪಟ್ಟಿಗಳಾದರೂ ಉಳಿದಿದ್ದವು. ಇಲ್ಲಿ ಪಟ್ಟಿಗಳೂ ಒಡೆದು ಚೌಕಗಳ ಸುರಿಮಳೆಯಾದವು. ಅಷ್ಟರಲ್ಲಿ ನ್ಯುಮೋನಿಯಾ ಅವರನ್ನು ಹಿಡಿಯಿತು. 1944ರ ಫೆಬ್ರವರಿ 1ರಂದು, ಎಪ್ಪತ್ತೊಂದರ ವಯಸ್ಸಿನಲ್ಲಿ, ಅವರು ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ನಿಧನರಾದರು. ಬ್ರೂಕ್ಲಿನ್ನಿನ ಸೈಪ್ರೆಸ್ ಹಿಲ್ಸ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಆಸ್ತಿಗೆ ವಾರಸುದಾರರಾದ ಹೋಲ್ಟ್ಜ್‌ಮನ್ ಆ ಕೋಣೆಯನ್ನು ಇದ್ದಂತೆಯೇ ಕಾಪಾಡಿ, ಛಾಯಾಚಿತ್ರಗಳಲ್ಲಿ ದಾಖಲಿಸಿ, ಕೆಲವು ವಾರ ಜನರ ವೀಕ್ಷಣೆಗೆ ತೆರೆದಿಟ್ಟರು.

ಮುಂದಿನ ಕಥೆ ಕೀರ್ತಿಯದು. 1965ರಲ್ಲಿ ವಸ್ತ್ರವಿನ್ಯಾಸಕ ಈವ್ ಸಾಂ ಲೋರಾಂ ಮಾಂಡ್ರಿಯಾನರ ಗೆರೆಗಳನ್ನು ಉಡುಪುಗಳಿಗೆ ತಂದರು. 1998ರಲ್ಲಿ ಡಚ್ಚರು 'ವಿಕ್ಟರಿ ಬೂಗಿ ವೂಗಿ'ಯನ್ನು 8 ಕೋಟಿ ಗಿಲ್ಡರ್ ಕೊಟ್ಟು ತಾಯ್ನಾಡಿಗೆ ತಂದರು. ಅದೀಗ ಹೇಗ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. 2022ರ ನವೆಂಬರಿನಲ್ಲಿ ಅವರ 1930ರ ಕೃತಿಯೊಂದು 5.1 ಕೋಟಿ ಡಾಲರಿಗೆ ಹರಾಜಾಯಿತು. ಹೂವಿನ ಚಿತ್ರ ಮಾರಿ ಬದುಕಿದ್ದವರ ಗೆರೆಗಳಿಗೆ ಬಂದ ಬೆಲೆ ಅದು.

ಅದೇ 2022ರಲ್ಲಿ ಇನ್ನೊಂದು ಸುದ್ದಿ ಡ್ಯೂಸೆಲ್ಡಾರ್ಫಿನಿಂದ ಬಂತು. ಒಂದು ಕಾಲದಲ್ಲಿ ಜಾಝ್ ಸಂಗೀತವನ್ನು ಹೀಯಾಳಿಸುವ ಪ್ರದರ್ಶನ ನಡೆದಿದ್ದ ಆ ನಗರದ ಕಲಾ ಸಂಗ್ರಹಾಲಯದಲ್ಲಿ, ಅಂಟುಪಟ್ಟಿಗಳಿಂದ ಮಾಡಿದ ಮಾಂಡ್ರಿಯಾನರ 'ನ್ಯೂಯಾರ್ಕ್ ಸಿಟಿ 1' ಎಂಬ ಅಪೂರ್ಣ ಕೃತಿಯಿದೆ. ದಶಕಗಳಿಂದ ಅದನ್ನು ತಲೆಕೆಳಗಾಗಿ ತೂಗುಹಾಕಲಾಗಿದೆಯೆಂಬ ನಿಲುವಿಗೆ ಅಲ್ಲಿನ ಕಲಾತಜ್ಞೆ ಬಂದರು. 1944ರಲ್ಲಿ ಕಲಾವಿದರ ಕೋಣೆಯಲ್ಲಿ ತೆಗೆದ ಛಾಯಾಚಿತ್ರದಲ್ಲಿ ಅದು ಬೇರೆಯೇ ದಿಕ್ಕಿನಲ್ಲಿ ನಿಂತಿತ್ತು. ಆದರೂ ಈಗ ತಿರುಗಿಸುವಂತಿಲ್ಲ. ಹಳೆಯ ಅಂಟು ಸಡಿಲಗೊಂಡಿದ್ದು, ತಿರುಗಿಸಿದರೆ ಪಟ್ಟಿಗಳು ಕಳಚಿ ಬೀಳುವ ಭಯವಿದೆ.

ಮಾಂಡ್ರಿಯಾನ್ ಇದ್ದಿದ್ದರೆ ಕಳಚಿ ಬಿದ್ದ ಪಟ್ಟಿಯನ್ನು ಎತ್ತಿಕೊಂಡು, ಗ್ರಾಮಫೋನ್ ಹಚ್ಚಿ, ಅದನ್ನು ಅಂಟಿಸಲು ಇನ್ನೊಂದು ಜಾಗ ಹುಡುಕುತ್ತಿದ್ದರೇನೋ.